ಇಂಗ್ಲಿಷಿನ ‘ಟೇಕ್’ ಕ್ರಿಯಾಪದವನ್ನು ಪಳಗಿಸುವುದು ಹೇಗೆ: ಅರ್ಥ, ಪರ್ಯಾಯ ಪದ ಮತ್ತು ಬಳಕೆಯ ಸಮಗ್ರ ಮಾರ್ಗದರ್ಶಿ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕದಲ್ಲಿ ಮೂರು ವರ್ಷ ಒಂದು ಫಲಕ ತೂಗುತ್ತಿತ್ತು. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ: ‘ಬೆಂಕಿ ಬಿದ್ದಾಗ ಲಿಫ್ಟ್ ತೆಗೆದುಕೊಳ್ಳಬೇಡಿ.’ ಒಂದು ಬೆಳಿಗ್ಗೆ ಹಾಲು ಹಾಕುವ ಹುಡುಗ ಅದನ್ನು ಗಟ್ಟಿಯಾಗಿ ಓದಿ, ‘ಅಷ್ಟು ಭಾರದ್ದನ್ನು ಯಾರು ಸಾರ್ ಹೊತ್ತುಕೊಂಡು ಹೋಗುತ್ತಾರೆ?’ ಎಂದು ಕೇಳಿದ. ನನಗೆ ನಗು ಬರಲಿಲ್ಲ. ಅದನ್ನು ಅನುವಾದಿಸಿ ಕೊಟ್ಟವನು ನಾನೇ.

ಅನುವಾದದ ಕರಡು ತಿದ್ದುವುದು ನನ್ನ ಕಸುಬು. ಭಾನುವಾರಗಳಲ್ಲಿ ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಮನೆಯ ಮಹಡಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಏಳೆಂಟು ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎರಡೂ ಕಡೆ ನನ್ನನ್ನು ಹೆಚ್ಚು ಸತಾಯಿಸಿದ ಪದ ಇದೇ ಟೇಕ್. ದೊಡ್ಡ ದೊಡ್ಡ ಪದಗಳು ಯಾರಿಗೂ ತೊಂದರೆ ಕೊಡುವುದಿಲ್ಲ. ನಿಘಂಟು ನೋಡಿದರೆ ಮುಗಿಯಿತು. ಗೊತ್ತಿದೆ ಎಂದುಕೊಂಡ ಪದಕ್ಕೆ ನಿಘಂಟು ತೆರೆಯುವವರು ಯಾರು?

ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರಿಗೂ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯಬೇಕಾದವರಿಗೂ ಕೆಳಗಿನ ಏಳು ಹೆಜ್ಜೆಗಳ ಕ್ರಮ ಒದಗುತ್ತದೆ. ಬೇಕಾದ ಸಾಮಾನು ಕಡಿಮೆ: ಗೆರೆ ಹಾಕಿದ ಒಂದು ನೋಟ್‌ಬುಕ್, ದಿನಕ್ಕೊಂದು ಇಂಗ್ಲಿಷ್ ಪತ್ರಿಕೆ, ಒಂದು ಕನ್ನಡ ಪತ್ರಿಕೆ, ಎರಡು ವಾರ.

ಹೆಜ್ಜೆ 1: ಕ್ರಿಯಾಪದವನ್ನು ಬಿಟ್ಟು ಪಕ್ಕದ ನಾಮಪದವನ್ನು ನೋಡಿ

‘ಟೇಕ್ ಎಂದರೇನು?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ಏನನ್ನು?’ ಎಂದು ಕೇಳಿ. ಮಾತ್ರೆಯಾದರೆ ನುಂಗುತ್ತೇವೆ, ಕಷಾಯವಾದರೆ ಕುಡಿಯುತ್ತೇವೆ. ಉಸಿರನ್ನು ಎಳೆದುಕೊಳ್ಳುತ್ತೇವೆ, ಸೇಡನ್ನು ತೀರಿಸಿಕೊಳ್ಳುತ್ತೇವೆ, ಟಿಪ್ಪಣಿಯನ್ನು ಬರೆದುಕೊಳ್ಳುತ್ತೇವೆ. ಕಚೇರಿಗೆ ರಜೆ ಹಾಕುತ್ತೇವೆ. ಇಂಗ್ಲಿಷಿನವನು ರಜೆಯನ್ನು ತೆಗೆದುಕೊಳ್ಳುತ್ತಾನೆ, ನಾವು ಅದೇ ರಜೆಯನ್ನು ಹಾಕುತ್ತೇವೆ. ಅರ್ಜಿ ಹಾಕಿದಾಗಲೇ ರಜೆಯನ್ನೂ ಹಾಕಿದಂತಾಯಿತು ಎಂಬ ಧೈರ್ಯ ನಮ್ಮದಿರಬೇಕು. ಮಂತ್ರಿಗಳು ರಾಜಭವನದ ಗಾಜಿನ ಮನೆಯಲ್ಲಿ ಪ್ರಮಾಣವಚನ ಸ್ವೀಕರಿಸುತ್ತಾರೆ, ಆಮೇಲೆ ವಿಧಾನಸೌಧದಲ್ಲಿ ಅಧಿಕಾರ ವಹಿಸಿಕೊಳ್ಳುತ್ತಾರೆ, ಕ್ರಮ ಕೈಗೊಳ್ಳುವುದಾಗಿ ಹೇಳುತ್ತಾರೆ. ಸ್ವೀಕರಿಸು, ವಹಿಸಿಕೊಳ್ಳು, ಕೈಗೊಳ್ಳು: ಕನ್ನಡದಲ್ಲಿ ಮೂರು, ಇಂಗ್ಲಿಷಿನಲ್ಲಿ ಮೂರಕ್ಕೂ ಟೇಕ್ ಒಂದೇ.

ನೋಟ್‌ಬುಕ್ಕಿನ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ನಾಮಪದ ಮಾತ್ರ ಬರೆಯಿರಿ. ಟೇಕ್ ಎಂದು ಬರೆಯಲೇಬೇಡಿ. ಬಲಕ್ಕೆ ಆ ನಾಮಪದ ಕನ್ನಡದಲ್ಲಿ ಯಾವ ಕ್ರಿಯಾಪದದ ಜೊತೆ ಸಂಸಾರ ಮಾಡುತ್ತದೆಯೋ ಅದನ್ನು ಬರೆಯಿರಿ. ದಿನಕ್ಕೆ ಐದು ಸಾಕು.

ಕೆಲವು ಕಡೆ ಬಲಗಡೆ ಬರೆಯಲು ಏನೂ ಉಳಿಯುವುದಿಲ್ಲ, ಏಕೆಂದರೆ ಟೇಕ್ ಅಲ್ಲಿ ಬರಿಯ ಊರುಗೋಲು. ಸೀಟ್ ಟೇಕ್ ಮಾಡುವುದೆಂದರೆ ಕುಳಿತುಕೊಳ್ಳುವುದು, ವಾಕ್ ಟೇಕ್ ಮಾಡುವುದೆಂದರೆ ಅಡ್ಡಾಡುವುದು, ಲುಕ್ ಟೇಕ್ ಮಾಡುವುದೆಂದರೆ ಕಣ್ಣು ಹಾಯಿಸುವುದು. ನಾಮಪದವೇ ಕನ್ನಡದಲ್ಲಿ ಕ್ರಿಯಾಪದವಾಗಿಬಿಡುತ್ತದೆ. ಹೊಸ ಅನುವಾದಕರು ಎಡವುವುದು ಇಲ್ಲಿಯೇ. ‘ಸಭೆ ಸ್ಥಳ ತೆಗೆದುಕೊಂಡಿತು’ ಎಂಬ ವಾಕ್ಯವನ್ನು ನಾನು ಸ್ವತಃ ತಿದ್ದಿದ್ದೇನೆ. ಪಾಪ, ಯಾವ ಬಡಾವಣೆಯಲ್ಲಿ ತೆಗೆದುಕೊಂಡಿತೋ. ಸಭೆ ನಡೆಯಿತು, ಅಷ್ಟೆ.

ಹಾಗೆಂದು ‘ತೆಗೆದುಕೊಳ್ಳು’ ಎಂಬ ಪದವನ್ನು ಕಂಡಲ್ಲೆಲ್ಲ ಹೊಡೆದುಹಾಕಬೇಡಿ. ಮನೆಗೆ ಬಂದವರಿಗೆ ‘ಕಾಫಿ ತೆಗೆದುಕೊಳ್ಳಿ’ ಎನ್ನುವುದು ಅಚ್ಚ ಕನ್ನಡದ ಉಪಚಾರ. ‘ಕುಡಿಯಿರಿ’ ಎಂದರೆ ಸ್ವಲ್ಪ ಒರಟಾಗಿ ಕೇಳಿಸುತ್ತದೆ. ಹಿರಿಯರ ವಿಷಯದಲ್ಲಿ ‘ಔಷಧ ತೆಗೆದುಕೊಂಡರೇ?’ ಎಂದೇ ಕೇಳುತ್ತೇವೆ. ಪರೀಕ್ಷೆ ಸುಲಭ: ಇಂಗ್ಲಿಷ್ ಬಾರದ ನಿಮ್ಮ ಅಜ್ಜಿ ಆ ವಾಕ್ಯವನ್ನು ಹೇಳುತ್ತಿದ್ದರೇ? ಹೌದಾದರೆ ಇರಲಿ. ನನ್ನ ಅಜ್ಜಿ ಲಿಫ್ಟನ್ನು ‘ಹತ್ತುತ್ತಿದ್ದರು’. ನಮ್ಮ ಫಲಕ ಈಗ ಹೀಗಿದೆ: ‘ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬೇಡಿ. ಮೆಟ್ಟಿಲಿಳಿದು ಹೊರಗೆ ಬನ್ನಿ.’

ಹೆಜ್ಜೆ 2: ಜೀವ ಇದೆಯೇ, ಎತ್ತ ಹೋಗುತ್ತಿದೆ?

ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗನೊಬ್ಬ ನಮ್ಮ ತರಗತಿಗೆ ಬರುತ್ತಾನೆ. ತಾಯಿಯನ್ನು ಆಸ್ಪತ್ರೆಗೆ ತೋರಿಸಬೇಕಾಗಿತ್ತು. ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ರಜೆಯ ಪತ್ರ ಬರೆದ. ಟೇಕ್ ಇರಬೇಕಾದ ಕಡೆ ಬ್ರಿಂಗ್ ಹಾಕಿದ್ದ. ಓದಿದವರಿಗೆ ಆ ಮೇಲಧಿಕಾರಿಯೇ ಆಸ್ಪತ್ರೆಯಲ್ಲಿ ಮಲಗಿದ್ದಾರೇನೋ ಎನ್ನಿಸಬೇಕು.

ತಪ್ಪಿಗೆ ಕಾರಣ ಇದೆ. ಇಂಗ್ಲಿಷಿನಲ್ಲಿ ದಿಕ್ಕು ಕ್ರಿಯಾಪದದ ಹೊಟ್ಟೆಯೊಳಗೆ ಇರುತ್ತದೆ. ಕನ್ನಡದಲ್ಲಿ ಅದು ವಾಕ್ಯದ ಬಾಲದಲ್ಲಿ, ‘ಹೋಗು’ ಅಥವಾ ‘ಬರು’ ಎಂದು ಎದ್ದು ಕಾಣುವಂತೆ ನಿಂತಿರುತ್ತದೆ. ಹಾಗಾಗಿ ಸೂತ್ರ ಸಲೀಸು. ಮೊದಲು ವಾಕ್ಯವನ್ನು ಕನ್ನಡದಲ್ಲಿ ಪೂರ್ತಿ ಹೇಳಿಕೊಳ್ಳಿ. ಕೊನೆಗೆ ‘ಹೋಗು’ ಬಂದರೆ ಟೇಕ್, ‘ಬರು’ ಬಂದರೆ ಬ್ರಿಂಗ್. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ: ಟೇಕ್. ಸಂಜೆ ಮನೆಗೆ ಕರೆದುಕೊಂಡು ಬರುತ್ತೇನೆ: ಬ್ರಿಂಗ್. ಕೇಳುಗನ ಮನೆಗೆ ಹೊರಟಾಗಲೂ ಸೂತ್ರ ಕೈಕೊಡುವುದಿಲ್ಲ. ‘ನಾಳೆ ನಿಮ್ಮ ಮನೆಗೆ ಬರುವಾಗ ಹಣ್ಣು ತರುತ್ತೇನೆ’ ಎನ್ನುತ್ತೇವೆ, ಇಂಗ್ಲಿಷಿನಲ್ಲಿಯೂ ಅಲ್ಲಿ ಬ್ರಿಂಗ್ ಸರಿ.

ಕನ್ನಡಕ್ಕೆ ತರುವಾಗ ಇನ್ನೊಂದು ಪ್ರಶ್ನೆ ಸೇರುತ್ತದೆ. ಇಂಗ್ಲಿಷಿನ ಟೇಕ್‌ಗೆ ಕೊಡೆಯೂ ಒಂದೇ, ಮಗುವೂ ಒಂದೇ. ನಮಗೆ ಹಾಗಲ್ಲ. ಕೊಡೆಯನ್ನು ತೆಗೆದುಕೊಂಡು ಹೋಗುತ್ತೇವೆ, ಮಗುವನ್ನು ಕರೆದುಕೊಂಡು ಹೋಗುತ್ತೇವೆ. ಮಗು ಕಂಕುಳಲ್ಲಿದ್ದರೆ ಎತ್ತಿಕೊಂಡು, ದನವಾದರೆ ಹೊಡೆದುಕೊಂಡು, ಮೂಟೆಯಾದರೆ ಹೊತ್ತುಕೊಂಡು, ಆರೋಪಿಯಾದರೆ ಎಳೆದುಕೊಂಡು. ಹೆಣವನ್ನು ಸಾಗಿಸುತ್ತಾರೆ. ಬರವಣಿಗೆಯಲ್ಲಿ ಚುಟುಕಾಗಿ ಬೇಕಾದರೆ ಒಯ್ಯು, ಕರೆದೊಯ್ಯು, ಹೊತ್ತೊಯ್ಯು. ಕರಡಿನಲ್ಲಿ ‘ಮಗುವನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋದರು’ ಎಂದು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ; ಮಗುವಿಗೆ ಏನೋ ಆಗಿಹೋಗಿದೆ ಎಂಬ ಭಾವ ಅದರಲ್ಲಿದೆ.

ಹೆಜ್ಜೆ 3: ಹುಟ್ಟನ್ನು ಒಮ್ಮೆ ತಿಳಿದುಕೊಳ್ಳಿ

ಇದು ಪಂಡಿತರ ಚಪಲ ಎಂದು ಹಾರಿಸಿಬಿಡಬೇಡಿ, ಕೆಲಸಕ್ಕೆ ಬರುತ್ತದೆ.

ಟೇಕ್ ಹುಟ್ಟಾ ಇಂಗ್ಲಿಷ್ ಪದವಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಕ್ಯಾಂಡಿನೇವಿಯದಿಂದ ಬಂದು ಇಂಗ್ಲೆಂಡಿನಲ್ಲಿ ನೆಲಸಿದವರ ‘ಟಾಕ’ ಎಂಬ ಮಾತಿನಿಂದ ಬಂದದ್ದು. ಅದರ ಮೂಲ ಭಾವ ಕೈಯಿಂದ ಹಿಡಿಯುವುದು, ಮುಟ್ಟುವುದು. ಅದಕ್ಕೆ ಮೊದಲು ಹಳೆಯ ಇಂಗ್ಲಿಷಿನಲ್ಲಿ ಆ ಜಾಗದಲ್ಲಿದ್ದ ಕ್ರಿಯಾಪದ ‘ನಿಮನ್’. ಜರ್ಮನ್ ಭಾಷೆಯಲ್ಲಿ ಅದರ ದಾಯಾದಿ ‘ನೇಮೆನ್’ ಇವತ್ತಿಗೂ ಇದೇ ಕೆಲಸ ಮಾಡುತ್ತಿದೆ. ಇಂಗ್ಲಿಷಿನಲ್ಲಿ ವಲಸೆ ಬಂದ ಟೇಕ್ ಅದನ್ನು ಓಡಿಸಿತು. ಉಳಿದ ಚೂರುಗಳಲ್ಲಿ ಒಂದು ‘ನಂಬ್’, ಅಂದರೆ ಮರಗಟ್ಟಿದ. ಅಕ್ಷರಶಃ ಅದು ‘ಹಿಡಿಯಲ್ಪಟ್ಟ’ ಎಂದೇ. ಈಗ ನೆಲದ ಮೇಲೆ ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತು ಎದ್ದಾಗ ನೀವು ಏನೆನ್ನುತ್ತೀರಿ? ಕಾಲಿಗೆ ಜೋಮು ಹಿಡಿದಿದೆ. ಎಲ್ಲಿಯ ಇಂಗ್ಲೆಂಡ್, ಎಲ್ಲಿಯ ಬಸವನಗುಡಿ. ಜೋಮು ಎರಡೂ ಕಡೆ ಹಿಡಿದೇ ಹಿಡಿಯುತ್ತದೆ.

ಇದರಿಂದ ದಕ್ಕುವ ಉಪಾಯ ಹೀಗೆ. ಟೇಕ್ ಎದುರಾದಾಗ ತೆಗೆದುಕೊಳ್ಳುವುದಕ್ಕಿಂತ ಮೊದಲು ‘ಹಿಡಿ’ಯನ್ನು ಹೊಂದಿಸಿ ನೋಡಿ. ಬಸ್ ಹಿಡಿಯುತ್ತೇವೆ. ಗಂಟಲು ಹಿಡಿದರೂ ಮಳೆ ಹಿಡಿದರೂ ಇದೇ ಮಾತು. ಹಳಬರು ಫೋಟೋವನ್ನೂ ಹಿಡಿಯುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಸಮಯ ಹಿಡಿಯುತ್ತದೆ. ‘ಮೆಜೆಸ್ಟಿಕ್‌ನಿಂದ ಸಿಲ್ಕ್ ಬೋರ್ಡಿಗೆ ಎಷ್ಟು ಹೊತ್ತು ಹಿಡಿಯುತ್ತದೆ?’ ಎನ್ನುವುದಕ್ಕೆ ಸಮನಾದ ಇಂಗ್ಲಿಷ್ ವಾಕ್ಯದಲ್ಲಿ ಟೇಕ್ ಬಿಟ್ಟು ಬೇರೆ ಕ್ರಿಯಾಪದವನ್ನು ಸಹಜವಾಗಿ ಕೂರಿಸುವುದು ಕಷ್ಟ. ಪತ್ರಿಕೆಗಳು ‘ಒಂದು ಗಂಟೆ ಸಮಯ ತೆಗೆದುಕೊಳ್ಳುತ್ತದೆ’ ಎಂದು ಬರೆಯುವುದೇಕೋ ತಿಳಿಯದು. ಬೇಕು, ಹಿಡಿಯುತ್ತದೆ, ತಗಲುತ್ತದೆ ಎಂಬ ಮೂರು ಒಳ್ಳೆಯ ಮಾತುಗಳು ನಮ್ಮಲ್ಲಿವೆ. ವಾಹನ ದಟ್ಟಣೆಗೆ ಹೆಸರಾದ ಸಿಲ್ಕ್ ಬೋರ್ಡಿನ ಪ್ರಶ್ನೆಗೆ ಉತ್ತರ ಯಾವ ಭಾಷೆಯಲ್ಲೂ ಇಲ್ಲ, ಅದು ಬೇರೆ ಮಾತು.

ಕನ್ನಡದ ಕಡೆಯಿಂದಲೂ ಒಂದು ಹುಟ್ಟಿನ ಕಥೆ ಇದೆ. ನಮ್ಮ ನಿಜವಾದ ಟೇಕ್ ‘ಕೊಳ್’. ಹಳಗನ್ನಡದಲ್ಲಿ ಅದಕ್ಕೆ ಹಿಡಿ, ಪಡೆ, ವಶಮಾಡು ಎಂಬ ಅರ್ಥಗಳೆಲ್ಲ ಇದ್ದವು. ವೀರಗಲ್ಲಿನ ಶಾಸನಗಳಲ್ಲಿ ಬರುವ ‘ತುಱುಗೊಳ್’ ಎಂದರೆ ದನಗಳನ್ನು ಅಪಹರಿಸುವುದು. ಕಾಲಕ್ರಮದಲ್ಲಿ ಒಂಟಿಯಾಗಿ ನಿಂತ ‘ಕೊಳ್ಳು’ ಅಂಗಡಿಗೆ ಇಳಿದು, ದುಡ್ಡು ಕೊಟ್ಟು ಪಡೆಯುವುದಕ್ಕೆ ಸೀಮಿತವಾಯಿತು. ಆದರೆ ಬೇರೆ ಕ್ರಿಯಾಪದಗಳ ಬೆನ್ನೇರಿದ ‘ಕೊಳ್ಳು’ ಎಲ್ಲೆಲ್ಲೂ ಹಬ್ಬಿತು: ಮಾಡಿಕೊಳ್ಳು, ಒಪ್ಪಿಕೊಳ್ಳು, ಕಸಿದುಕೊಳ್ಳು, ಹಚ್ಚಿಕೊಳ್ಳು. ನಾಮಪದದ ಜೊತೆಗೂ ಸೇರಿತು: ಕೈಗೊಳ್ಳು, ಬೀಳ್ಕೊಳ್ಳು, ಒಳಗೊಳ್ಳು. ಇಂಗ್ಲಿಷ್ ಟೇಕ್‌ನ ‘ತನ್ನ ಕಡೆಗೆ’ ಎಂಬ ಭಾವ ಪೂರ್ತಿ ಈ ಪುಟ್ಟ ಬಾಲದಲ್ಲಿದೆ. ಟೇಕ್ ಇರುವ ವಾಕ್ಯಕ್ಕೆ ತಕ್ಕ ಕನ್ನಡ ಕ್ರಿಯಾಪದ ಸಿಕ್ಕಿತೆಂದರೆ ಅದಕ್ಕೆ ‘ಕೊಳ್ಳು’ ಹತ್ತುತ್ತದೆಯೇ ನೋಡಿ; ಹತ್ತಿದರೆ ಅರ್ಧ ಕೆಲಸ ಆದಂತೆ. ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಕಿಟ್ಟೆಲರು 1894ರಲ್ಲಿ ಹೊರತಂದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ‘ಕೊಳ್’ ಎಂಬ ನಮೂದನ್ನು ಒಮ್ಮೆ ಓದಿ. ಇಂಗ್ಲಿಷ್ ಕಲಿಯುವವರಿಗೂ ನಾನು ಅದನ್ನೇ ಮೊದಲು ಓದಿಸುತ್ತೇನೆ.

ಹೆಜ್ಜೆ 4: ಪರ್ಯಾಯ ಪದಗಳನ್ನು ಬಲ ಮತ್ತು ಹಕ್ಕಿನ ತಕ್ಕಡಿಯಲ್ಲಿ ತೂಗಿ

ಪರ್ಯಾಯ ಪದ ಎಂದೊಡನೆ ನಮಗೆ ಅಮರಕೋಶ ನೆನಪಾಗುತ್ತದೆ. ಆದರೆ ಅದರ ನಿಜವಾದ ಹೆಸರು ನಾಮಲಿಂಗಾನುಶಾಸನ, ನಾಮಪದಗಳ ಕೋಶ. ಕಮಲಕ್ಕೆ ಹತ್ತು ಹೆಸರು ಹೇಳಿದರೆ ಹೂವು ಬದಲಾಗುವುದಿಲ್ಲ. ಕ್ರಿಯಾಪದಕ್ಕೆ ಇನ್ನೊಂದು ಪದ ಹಾಕಿದರೆ ಮಾಡಿದವನ ಮೇಲೆ ಮೊಕದ್ದಮೆಯೇ ಬೀಳಬಹುದು. 1852ರಲ್ಲಿ ಇಂಗ್ಲಿಷಿನ ಪರ್ಯಾಯ ಪದಕೋಶವನ್ನು ಪ್ರಕಟಿಸಿದ ವೈದ್ಯ ಪೀಟರ್ ಮಾರ್ಕ್ ರೋಜೆ ಪದಗಳನ್ನು ಭಾವಕ್ಕೆ ತಕ್ಕಂತೆ ಗುಂಪು ಮಾಡಿದರು. ಅಂಥ ಗುಂಪು ಅಂಗಡಿಯ ಕಪಾಟಿದ್ದಂತೆ. ಯಾವ ಡಬ್ಬಿ ಬೇಕೆಂಬುದನ್ನು ಗಿರಾಕಿಯೇ ತಿಳಿದಿರಬೇಕು.

ಬೆಂಗಳೂರಿಗರಿಗೆ ಇದನ್ನು ಕಲಿಸಲು ನೆಲಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ‘ಆ ನಿವೇಶನವನ್ನು ತೆಗೆದುಕೊಂಡರು’ ಎಂಬ ಒಂದು ವಾಕ್ಯ ಬರೆದು ಹುಡುಗರ ಮುಂದೆ ಇಡುತ್ತೇನೆ. ಯಾರು, ಹೇಗೆ ಎಂದು ಕೇಳುತ್ತೇನೆ. ದುಡ್ಡು ಕೊಟ್ಟು ತೆಗೆದುಕೊಂಡರೆ ಖರೀದಿ, ಇಂಗ್ಲಿಷಿನಲ್ಲಿ ಬೈ, ಔಪಚಾರಿಕವಾಗಿ ಪರ್ಚೇಸ್. ಮೆಟ್ರೊ ಮಾರ್ಗಕ್ಕೋ ರಸ್ತೆ ಅಗಲಿಸುವುದಕ್ಕೋ ಸರ್ಕಾರ ಪರಿಹಾರ ಕೊಟ್ಟು ತೆಗೆದುಕೊಂಡರೆ ಭೂಸ್ವಾಧೀನ, ಅಕ್ವೈರ್. ದಾಖಲೆ ತಿರುಚಿ ತೆಗೆದುಕೊಂಡರೆ ಕಬಳಿಕೆ, ಗ್ರ್ಯಾಬ್. ಬೇಲಿಯನ್ನು ದಿನಕ್ಕೆ ಒಂದು ಗೇಣು ಮುಂದೆ ಸರಿಸುತ್ತ ಕೆರೆಯಂಗಳವನ್ನು ತೆಗೆದುಕೊಂಡರೆ ಒತ್ತುವರಿ, ಎನ್‌ಕ್ರೋಚ್. ಬೆಳ್ಳಂದೂರು, ವರ್ತೂರು ಕೆರೆಗಳ ಸುದ್ದಿ ಓದುವ ಯಾರಿಗೂ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲ ತೀರಿಸದ್ದಕ್ಕೆ ನ್ಯಾಯಾಲಯದ ಆದೇಶದಂತೆ ತೆಗೆದುಕೊಂಡರೆ ಜಪ್ತಿ, ಅಟ್ಯಾಚ್. ಅಪರಾಧದ ಸ್ವತ್ತೆಂದು ತೆಗೆದುಕೊಂಡರೆ ಮುಟ್ಟುಗೋಲು, ಕಾನ್ಫಿಸ್ಕೇಟ್. ಸೈನ್ಯ ನುಗ್ಗಿ ತೆಗೆದುಕೊಂಡರೆ ವಶ, ಕ್ಯಾಪ್ಚರ್. ಮಣ್ಣು ಅದೇ, ತೆಗೆದುಕೊಳ್ಳುವ ಕೈ ಬೇರೆ.

ಮನೆಯನ್ನು ಭೋಗ್ಯಕ್ಕೆ ತೆಗೆದುಕೊಳ್ಳುವುದರ ಬಗ್ಗೆ ಎರಡು ಮಾತು. ದೊಡ್ಡ ಮೊತ್ತವನ್ನು ಮಾಲೀಕನಿಗೆ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಕೆಲವು ವರ್ಷ ಇದ್ದು, ಬಿಡುವಾಗ ಹಣ ಮರಳಿ ಪಡೆಯುವುದಕ್ಕೆ ನಾವು ಭೋಗ್ಯ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ಮಾತಾಡುವಾಗ ಲೀಸ್ ಎನ್ನುತ್ತೇವೆ. ಹೊರಗಿನಿಂದ ಬಂದವರಿಗೆ ಲೀಸ್ ಎಂದರೆ ಕರಾರು ಬರೆದು ತಿಂಗಳ ಬಾಡಿಗೆ ಕೊಡುವುದು. ಪದ ಒಂದೇ, ಲೆಕ್ಕ ಪೂರ್ತಿ ಬೇರೆ. ಇಂಥ ಕಡೆ ಪರ್ಯಾಯ ಪದ ಹುಡುಕುವುದನ್ನು ಬಿಟ್ಟು ಒಂದು ವಾಕ್ಯದಲ್ಲಿ ವಿವರಿಸುವುದೇ ಕ್ಷೇಮ.

ನೆಲದ ಆಚೆಗೂ ಇದೇ ತಕ್ಕಡಿ ಸಾಕು. ಕೊಟ್ಟದ್ದನ್ನು ಮನಸಾರೆ ತೆಗೆದುಕೊಂಡರೆ ಅಕ್ಸೆಪ್ಟ್, ಬಂದದ್ದು ಕೈಸೇರಿದರೆ ರಿಸೀವ್. ಲಕೋಟೆಯನ್ನು ರಿಸೀವ್ ಮಾಡಿಯೂ ಅದರೊಳಗಿನ ಷರತ್ತನ್ನು ಅಕ್ಸೆಪ್ಟ್ ಮಾಡದಿರಬಹುದು. ಬೈಕಿನಲ್ಲಿ ಬಂದವನು ಕತ್ತಿನ ಸರಕ್ಕೆ ಕೈಹಾಕಿದರೆ ಸ್ನ್ಯಾಚ್, ರಾತ್ರಿ ಬೀಗ ಮುರಿದು ಒಯ್ದರೆ ಸ್ಟೀಲ್. ಅವನ ಬೈಕನ್ನು ಪೊಲೀಸರು ವಶಪಡಿಸಿಕೊಂಡರೆ ಸೀಜ್. ಕಷ್ಟವನ್ನು ತೆಗೆದುಕೊಳ್ಳುವುದಿಲ್ಲ, ತಾಳಿಕೊಳ್ಳುತ್ತೇವೆ. ಅಲ್ಲಿ ಟೇಕ್‌ಗೆ ಬದಲು ಬೇರ್ ಅಥವಾ ಎಂಡ್ಯೂರ್.

ಹೆಜ್ಜೆ 5: ಬಾಲ ಅಂಟಿದ ಟೇಕ್‌ಗಳು

ಆಫ್, ಇನ್, ಆಫ್ಟರ್, ಓವರ್ ಮುಂತಾದ ಬಾಲಗಳು ಅಂಟಿದಾಗ ಅದನ್ನು ಹೊಸ ಪದವೆಂದೇ ತಿಳಿದು ನೋಟ್‌ಬುಕ್ಕಿನಲ್ಲಿ ಬೇರೆ ಪುಟ ತೆರೆಯಿರಿ. ಬಿಡಿಸಿ ಅರ್ಥ ಮಾಡಲು ಹೋದರೆ ಕೆಟ್ಟಿರಿ.

ಎಲ್ಲಕ್ಕಿಂತ ಸ್ವಾರಸ್ಯದ್ದು ಟೇಕ್ ಆಫ್. ದೇವನಹಳ್ಳಿಯಿಂದ ವಿಮಾನ ಮೇಲೇರುವುದಕ್ಕೂ ಅದೇ, ಅದಕ್ಕೆ ಮೊದಲು ತಪಾಸಣೆಯ ಸಾಲಿನಲ್ಲಿ ನಮ್ಮ ಮೈಮೇಲಿನ ಸಾಮಾನು ಇಳಿಯುವುದಕ್ಕೂ ಅದೇ. ಕಳೆದ ಸಲ ನನ್ನ ಮುಂದೆ ಒಬ್ಬ ಅಜ್ಜ ನಿಂತಿದ್ದರು. ಸಿಬ್ಬಂದಿ ಒಂದೊಂದನ್ನೇ ತೋರಿಸಿ ಟೇಕ್ ಆಫ್ ಎನ್ನುತ್ತಿದ್ದರೆ, ಹಿಂದಿನಿಂದ ಮೊಮ್ಮಗಳು ಕನ್ನಡಕ್ಕೆ ತರುತ್ತಿದ್ದಳು: ‘ಬೆಲ್ಟ್ ಬಿಚ್ಚಿ ತಾತ. ವಾಚ್ ತೆಗೆಯಿರಿ. ಶೂ ಕಳಚಿ.’ ಮೂರು ಸಲ ಮೂರು ಕ್ರಿಯಾಪದ, ಒಂದು ಕ್ಷಣವೂ ಯೋಚಿಸಲಿಲ್ಲ. ದೇವಸ್ಥಾನದ ಬಾಗಿಲಾಗಿದ್ದರೆ ಅವಳೇ ‘ಚಪ್ಪಲಿ ಬಿಡಿ’ ಎನ್ನುತ್ತಿದ್ದಳು. ಗಂಟು, ಕೊಂಡಿ, ಗುಂಡಿ ಇದ್ದದ್ದನ್ನು ಬಿಚ್ಚುತ್ತೇವೆ, ತೊಟ್ಟದ್ದನ್ನು ಕಳಚುತ್ತೇವೆ, ಬಾಗಿಲಲ್ಲಿ ಉಳಿಸಿ ಒಳಗೆ ಹೋಗುವುದನ್ನು ಬಿಡುತ್ತೇವೆ. ನಾನು ಕರಡಿನ ಅಂಚಿನಲ್ಲಿ ಬರೆದು ಬರೆದು ಸೋತ ಪಾಠವನ್ನು ಆ ಹುಡುಗಿ ಅರ್ಧ ನಿಮಿಷದಲ್ಲಿ ಮುಗಿಸಿದಳು.

ಟೇಕ್ ಇನ್‌ಗೆ ಮೂರು ಮುಖ. ದರ್ಜಿಯ ಹತ್ತಿರ ರವಿಕೆಯನ್ನು ಸ್ವಲ್ಪ ಹಿಡಿದು ಹೊಲಿಯಿರಿ ಎನ್ನುವುದು ಒಂದು. ದಿಕ್ಕಿಲ್ಲದವರಿಗೆ ಮನೆಯಲ್ಲಿ ಆಸರೆ ಕೊಡುವುದು ಇನ್ನೊಂದು. ಮಾತಿನಿಂದ ಮರುಳು ಮಾಡಿ ಟೋಪಿ ಹಾಕುವುದು ಮೂರನೆಯದು. ಆಫ್ಟರ್ ಸೇರಿದರೆ ಹೋಲಿಕೆ: ಮಗ ಥೇಟ್ ಅಪ್ಪ, ಅಪ್ಪನ ಪಡಿಯಚ್ಚು. ಓವರ್ ಎಂದರೆ ವಹಿಸಿಕೊಳ್ಳುವುದು, ಕಂಪನಿಯಾದರೆ ಸ್ವಾಧೀನಪಡಿಸಿಕೊಳ್ಳುವುದು. ಉಳಿದವು ಸಿಕ್ಕಾಗ ಬರೆದುಕೊಳ್ಳಿ.

ಹೆಜ್ಜೆ 6: ಕನ್ನಡದಿಂದ ಇಂಗ್ಲಿಷಿಗೆ ಮರಳುವಾಗ

ಈಗ ಮರುಪಯಣ. ‘ಯಲಹಂಕದಲ್ಲಿ ಮನೆ ತೆಗೆದುಕೊಂಡೆ’ ಎಂದರೆ ನಮ್ಮಲ್ಲಿ ಕೊಂಡೆ ಎಂದರ್ಥ, ಬಂಧುಗಳು ಗೃಹಪ್ರವೇಶ ಯಾವಾಗ ಎನ್ನುತ್ತಾರೆ. ಅದನ್ನೇ ಟುಕ್ ಎಂದು ಇಂಗ್ಲಿಷಿಗೆ ಇಳಿಸಿದರೆ ಬಾಡಿಗೆಗೆ ಹಿಡಿದಿರಿ ಎಂದುಕೊಳ್ಳುವವರೇ ಹೆಚ್ಚು. ‘ಚಿಕ್ಕಪೇಟೆಯಲ್ಲಿ ಎರಡು ಸೀರೆ ತೆಗೆದುಕೊಂಡೆ’ ಎಂಬುದನ್ನು ಹಾಗೆಯೇ ಹೇಳಿದರಂತೂ ಎತ್ತಿಕೊಂಡು ಬಂದಿರೇನೋ ಎಂಬ ಅನುಮಾನ ಬರಬಹುದು. ದುಡ್ಡು ಕೊಟ್ಟಿದ್ದರೆ ಬಾಟ್ ಎಂದೇ ಹೇಳಿ.

ಶಾಲೆಯ ಮಾತುಗಳಲ್ಲಿ ಹೆಚ್ಚು ಎಚ್ಚರ ಬೇಕು. ನಾವು ಪರೀಕ್ಷೆ ಬರೆಯುತ್ತೇವೆ, ಹಿಂದಿಯವರು ಕೊಡುತ್ತಾರೆ, ಇಂಗ್ಲಿಷಿನಲ್ಲಿ ವಿದ್ಯಾರ್ಥಿಯೇ ಟೇಕ್ ಮಾಡುತ್ತಾನೆ. ‘ಮೇಷ್ಟ್ರು ಕ್ಲಾಸ್ ತೆಗೆದುಕೊಂಡರು’ ಎನ್ನುವುದು ಬ್ರಿಟಿಷ್ ಬಳಕೆಗೆ ಒಗ್ಗುತ್ತದೆ. ಅಮೆರಿಕದವನ ಕಿವಿಗೆ ಮೇಷ್ಟ್ರೇ ಬೆಂಚಿನಲ್ಲಿ ಕುಳಿತು ಪಾಠ ಕೇಳಿದಂತಾಗುತ್ತದೆ. ಆ ಕಡೆಯವರೊಡನೆ ವ್ಯವಹರಿಸುವಾಗ ಟೀಚ್ ಎಂದರೆ ಜಗಳವಿಲ್ಲ. ನಿರ್ಧಾರವನ್ನು ಬ್ರಿಟಿಷರು ಟೇಕ್ ಮಾಡುವುದುಂಟು, ಅಮೆರಿಕದವರು ಸಾಮಾನ್ಯವಾಗಿ ಮೇಕ್ ಮಾಡುತ್ತಾರೆ. ಸ್ನಾನಕ್ಕೆ ಬ್ರಿಟನ್ನಿನಲ್ಲಿ ಹ್ಯಾವ್, ಅಮೆರಿಕದಲ್ಲಿ ಟೇಕ್. ನಾವು ಸ್ನಾನ ಮಾಡುತ್ತೇವೆ. ಯಾವುದೂ ತಪ್ಪಲ್ಲ, ಆದರೆ ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ.

ರೂಪಗಳಲ್ಲಿ ಒಂದೇ ಎಚ್ಚರಿಕೆ: ಟೇಕ್, ಟುಕ್, ಟೇಕನ್. ಹ್ಯಾವ್, ಹ್ಯಾಸ್, ಹ್ಯಾಡ್ ನೇರವಾಗಿ ಅದಕ್ಕೆ ಮೊದಲು ಬಂದರೆ ಟೇಕನ್ ಮಾತ್ರ.

ಹೆಜ್ಜೆ 7: ಎರಡು ವಾರದ ಅಭ್ಯಾಸ

ಮೊದಲ ವಾರ ಇಂಗ್ಲಿಷ್ ಪತ್ರಿಕೆಯ ಒಂದು ಪುಟದಲ್ಲಿ ಟೇಕ್‌ನ ಎಲ್ಲ ರೂಪಗಳಿಗೂ ಪೆನ್ಸಿಲಿನಿಂದ ಸುತ್ತು ಹಾಕಿ, ನಾಮಪದ ಬರೆದುಕೊಂಡು, ಬಲಗಡೆ ತುಂಬಿ. ಎರಡನೆಯ ವಾರ ಕನ್ನಡ ಪತ್ರಿಕೆಯಲ್ಲಿ ‘ತೆಗೆದುಕೊಳ್ಳು’ ಕಂಡಲ್ಲೆಲ್ಲ ಸುತ್ತು ಹಾಕಿ, ಅಜ್ಜಿಯ ಪರೀಕ್ಷೆಗೆ ಒಡ್ಡಿ. ಬೇಡದ್ದನ್ನು ತಿದ್ದಿ ಬರೆಯಿರಿ. ಮನೆಯವರಿಗೆ ಓದಿ ಹೇಳಿ. ಮುಖ ಕಿವುಚಿದರೆ ಮತ್ತೆ ತಿದ್ದಿ.

ಒಂದೆರಡು ಮೊಂಡುಗಳು ಉಳಿದೇ ಉಳಿಯುತ್ತವೆ. ನನ್ನ ನೋಟ್‌ಬುಕ್ಕಿನಲ್ಲಿ ಬಹುಕಾಲ ಬಲಗಡೆ ಖಾಲಿ ಉಳಿದದ್ದು ಟೇಕ್ ಫಾರ್ ಗ್ರಾಂಟೆಡ್. ‘ಲಘುವಾಗಿ ಪರಿಗಣಿಸು’ ಎಂದು ಬರೆದು ಹೊಡೆದುಹಾಕಿದ್ದೆ, ‘ಗೃಹೀತ ಹಿಡಿ’ ಎಂದು ಬರೆದು ಅದನ್ನೂ ಹೊಡೆದಿದ್ದೆ. ಕೊನೆಗೆ ಒಂದನೆಯ ಹೆಜ್ಜೆಗೇ ಮರಳಿ, ಏನನ್ನು, ಯಾರನ್ನು ಎಂದು ಕೇಳಿಕೊಂಡೆ. ಈಗ ಆ ಸಾಲಿನ ಮುಂದೆ ಎರಡು ವಾಕ್ಯಗಳಿವೆ. ಮನುಷ್ಯರಾದರೆ: ಅಮ್ಮನನ್ನು ಸದರವಾಗಿ ಕಂಡೆವು. ನೀರಾದರೆ: ನಲ್ಲಿ ತಿರುಗಿಸಿದರೆ ಕಾವೇರಿ ಬಂದೇ ಬರುತ್ತಾಳೆ ಎಂದುಕೊಂಡಿದ್ದೆವು.